ಕಿಲ್ನ್ ಶಟ್‌ಡೌನ್‌ನಾಗ ಒಳಗ ಇಳಿಯೋರ ಪರ್ಮಿಟ್ ಹೆಂಗಿರಬೇಕು? ಗೊತ್ತಿದ್ದೋರು ಬರೀರಿ

ಗಿಣಿಗೇರಿ ಫಿಟ್ಟರ್

2025ರ ಜೂನ್ 30ಕ್ಕ ತೆಲಂಗಾಣದ ಪಾಶಮೈಲಾರಂನಾಗ ಔಷಧಕ್ಕ ಹಾಕೋ ಸೆಲ್ಯುಲೋಸ್ ಪುಡಿ ಮಾಡೋ ಕಾರ್ಖಾನಿ ಸಿಡಿದು ನಲವತ್ತಕ್ಕಿಂತ ಹೆಚ್ಚು ಮಂದಿ ಸತ್ರು. ಬಹಳ ಮಂದಿ ಬ್ಯಾರೆ ರಾಜ್ಯದಿಂದ ದುಡಿಯಾಕ ಬಂದೋರು. ಇಂಥಾದ್ದು ಆದಾಗೆಲ್ಲ ಒಂದಿಷ್ಟು ದಿನ ಆಡಿಟ್ ಅಂತ ಓಡಾಡ್ತಾರ. ಹೆಲ್ಮೆಟ್, ಶೂ, ಬೆಂಕಿ ಸಿಲಿಂಡರ್ ಎಣಿಸ್ತಾರ.

ನಮ್ಮ ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳ ಕಡೆ ಸ್ಪಾಂಜ್ ಐರನ್ ಕಿಲ್ನ್‌ಗಳು, ಅಂದ್ರ ಅದಿರಿನಿಂದ ಕಬ್ಬಿಣ ಮಾಡೋ ಉದ್ದಕಿನ ತಿರುಗೋ ಕುಲುಮಿಗಳು ಅದಾವ. ಅಲ್ಲಿ ಅಪಾಯ ಇರೋದು ಶಟ್‌ಡೌನ್‌ನಾಗ. ಅಕ್ರೀಶನ್ (ಒಳಗೋಡಿಗೆ ಕಟ್ಟಿದ ಗಟ್ಟಿ ಪದರ) ಒಡಿಯಾಕ ಕಿಲ್ನ್ ಒಳಗ ಇಳಿಯೋದು, ಆಫ್ಟರ್ ಬರ್ನಿಂಗ್ ಚೇಂಬರ್ (ಉಳಿದ ಗ್ಯಾಸ್ ಸುಡೋ ಕೋಣಿ) ಕೆಳಗ ಬೂದಿ ತೆಗಿಯೋದು, ಕೂಲರ್ ಬಾಯಿ ಸಾಫ್ ಮಾಡೋದು. ಇಳಿಯೋರು ಹೆಚ್ಚಿನಂಶ ಗುತ್ತಿಗೆ ಹುಡುಗರು. ಒಳಗ ಇಳಿಯಾಕ ಕೊಡೋ ಪರ್ಮಿಟ್ ಅಂದ್ರ ಒಂದು ಹಾಳಿ: ಹೆಸರು, ಟೈಮು, "ಪಿಪಿಇ ಓಕೆ" (ಹೆಲ್ಮೆಟ್, ಶೂ ಥರದ ರಕ್ಷಣಾ ಸಾಮಾನು ಅದಾವ ಅಂತ), ಮೂರು ಸಹಿ.

ಸೇಫ್ಟಿ ಕಮಿಟಿ ಮೀಟಿಂಗ್‌ನಾಗ "ಸುರಕ್ಷತೆ ಹೆಚ್ಚಿಸಿ" ಅಂದ್ರ ಬರಕೊಂಡು ಸುಮ್ಮನಾಗ್ತಾರ. ಇಂಥಿಂಥಾದ್ದು ಮಾಡಿದ ಮ್ಯಾಲೆನ ಒಳಗ ಇಳಿಸಬೇಕು ಅಂತ ಬರೆದು ಕೊಡಬೇಕು. ಏನೇನು ಬರೀಬೇಕು, ಹೇಳ್ರಿ.

ತೋರಣಗಲ್ಲು ಶಿಫ್ಟ್

ಮೊದಲು ಐಸೊಲೇಷನ್ (ಗ್ಯಾಸ್, ಕರೆಂಟ್, ಮಾಲು ಒಳಗೆ ಬರೋ ದಾರಿಗಳನ್ನ ಕಡಿಯೋದು) ಬರೀರಿ, ಗ್ಯಾಸ್ ಟೆಸ್ಟ್ ಆಮೇಲೆ. ಬಹಳ ಕಡೆ ಇದು ಉಲ್ಟಾ ಆಗುತ್ತೆ. ಡಿಟೆಕ್ಟರ್ ಸೊನ್ನೆ ತೋರಿಸಿತು ಅಂತ ಇಳಿಸಿಬಿಡ್ತಾರೆ, ಆದರೆ ಗ್ಯಾಸ್ ಬರೋ ದಾರಿ ತೆರೆದೇ ಇರುತ್ತೆ.

ಕಿಲ್ನ್‌ಗೆ ಕಡಿಮೆ ಅಂದರೂ ಇಷ್ಟು ದಾರಿ ಇದಾವೆ. ಫೀಡ್ ಪೈಪ್: ಮೇಲೆ ಬಿನ್‌ನಲ್ಲಿ ಅದಿರು, ಕಲ್ಲಿದ್ದಲು ಉಳಿದಿದ್ದರೆ ಕೆಳಗೆ ಇರೋರ ಮೇಲೆ ಬೀಳುತ್ತೆ. ಡಿಸ್ಚಾರ್ಜ್ ಕಡೆಯ ಕೋಲ್ ಇಂಜೆಕ್ಷನ್ ಲೈನು. ಶೆಲ್ ಏರ್ ಫ್ಯಾನ್‌ಗಳು. ಕೊನೆಗೆ ಡಸ್ಟ್ ಸೆಟ್ಲಿಂಗ್ ಚೇಂಬರ್, ಆಫ್ಟರ್ ಬರ್ನಿಂಗ್ ಚೇಂಬರ್ ಕಡೆಯ ಗ್ಯಾಸ್ ಡಕ್ಟು. ಎರಡು ಕಿಲ್ನ್‌ಗೆ ಒಂದೇ ಡಕ್ಟ್ ಅಥವಾ ಒಂದೇ ಬಾಯ್ಲರ್ ಇದ್ದರೆ ಅಪಾಯ ಇಲ್ಲೇ. ಪಕ್ಕದ ಕಿಲ್ನ್ ಓಡ್ತಾ ಇರುತ್ತೆ, ಅದರ ಗ್ಯಾಸ್ ಹೊರಗೆಳೆಯೋ ಐಡಿ ಫ್ಯಾನ್ ಟ್ರಿಪ್ ಆದ ಕ್ಷಣ ಪ್ರೆಷರ್ ತಿರುಗಿ ಗ್ಯಾಸ್ ಈ ಕಡೆ ನುಗ್ಗುತ್ತೆ.

"ಡ್ಯಾಂಪರ್ ಮುಚ್ಚಿದೀವಿ" ಅಂದರೆ ಒಪ್ಪಬೇಡಿ. ಡ್ಯಾಂಪರ್ ಇರೋದು ಗಾಳಿ ಹೆಚ್ಚು-ಕಡಿಮೆ ಮಾಡೋಕೆ. ಬಿಸಿಗೆ ಸೊಟ್ಟಗಾಗಿ ಸಂದು ಬಿಟ್ಟಿರುತ್ತೆ. ಫ್ಲ್ಯಾಂಜ್ (ಡಕ್ಟ್ ಜೋಡಿಸೋ ಅಂಚು) ಮಧ್ಯೆ ದಾರಿ ಪೂರ್ತಿ ಮುಚ್ಚೋ ಬ್ಲೈಂಡ್ ಪ್ಲೇಟ್ ಹಾಕಬೇಕು, ಪ್ಲೇಟ್‌ಗೆ ನಂಬರ್ ಇರಬೇಕು, ಆ ನಂಬರ್ ಪರ್ಮಿಟ್‌ನಲ್ಲಿ ಬರಬೇಕು. ಕೆಲಸ ಮುಗಿದ ಮೇಲೆ ಎಷ್ಟು ಹಾಕಿದ್ದರೋ ಅಷ್ಟು ವಾಪಸ್ ಬಂದವೇ ಅಂತ ಲೆಕ್ಕ ಆಗಬೇಕು.

ಕುಡತಿನಿ ಎಲೆಕ್ಟ್ರಿಷಿಯನ್

ಡಿಜಿ (ಡೀಸೆಲ್ ಜನರೇಟರ್) ಮರೀಬೇಡಿ. ಮೇನ್ ಡ್ರೈವ್ ಬ್ರೇಕರ್ ಲಾಕ್ ಮಾಡಿ ಬಂದ್ಬಿಡ್ತಾರೆ. ಆಕ್ಸಿಲರಿ ಡ್ರೈವ್ ಡಿಜಿ ಲೈನ್ ಮೇಲೆ ಇರುತ್ತೆ, ಕರೆಂಟ್ ಹೋದಾಗ ಬಿಸಿ ಕಿಲ್ನ್ ಬಾಗಬಾರದು ಅಂತಲೇ ಇಟ್ಟಿರೋದು. ಆಟೋದಲ್ಲಿದ್ದರೆ ಕರೆಂಟ್ ಹೋದ ಕೂಡಲೇ ಡಿಜಿ ಎತ್ಕೊಂಡು, ಒಳಗೆ ಜನ ಇದ್ದಾಗಲೇ ಕಿಲ್ನ್ ತಿರುಗಬಹುದು.

ಎರಡೂ ಡ್ರೈವ್‌ಗೆ ಬೇರೆ ಬೇರೆ ಲಾಕ್ ಬೇಕು. ಬ್ರೇಕರ್ ರ‍್ಯಾಕ್ ಔಟ್ (ಪ್ಯಾನಲ್‌ನಿಂದ ಹೊರಗೆಳೆಯೋದು), ಲಾಕ್, ಟ್ಯಾಗ್. ಆಮೇಲೆ ಲೋಕಲ್ ಪ್ಯಾನಲ್‌ನಲ್ಲಿ ಸ್ಟಾರ್ಟ್ ಬಟನ್ ಒತ್ತಿ ತಿರುಗಲ್ಲ ಅಂತ ತೋರಿಸಬೇಕು. ಕಂಟ್ರೋಲ್ ರೂಮಿನ ಸ್ಕ್ರೀನ್‌ನಲ್ಲಿ ಸ್ಟಾಪ್ ಅಂತ ಬಂದರೆ ಅದು ಐಸೊಲೇಷನ್ ಅಲ್ಲ.

ಗಿಣಿಗೇರಿ ಫಿಟ್ಟರ್

ಡಿಜಿ ಮಾತು ನಮ್ಮ ಪರ್ಮಿಟ್‌ನಾಗ ಒಂದು ಸಾಲೂ ಇಲ್ಲ. ಬರಕೊಂಡೆ. ಲಾಕಿನ ಕೀಲಿ ಯಾರ ಹಂತ್ಯಾಕ ಇರಬೇಕ್ರಿ?

ಕುಡತಿನಿ ಎಲೆಕ್ಟ್ರಿಷಿಯನ್

ಒಳಗೆ ಇಳಿಯೋ ಪ್ರತಿಯೊಬ್ಬನಿಗೂ ಒಂದು ಲಾಕ್, ಒಂದೇ ಕೀಲಿ, ಅದು ಅವನ ಜೇಬಲ್ಲಿ. ಹನ್ನೆರಡು ಜನ ಇದ್ದರೆ ಗ್ರೂಪ್ ಲಾಕ್ ಬಾಕ್ಸ್ ಇಡಿ. ಬ್ರೇಕರ್ ಲಾಕಿನ ಕೀಲಿಗಳು ಬಾಕ್ಸ್ ಒಳಗೆ, ಬಾಕ್ಸಿನ ಮೇಲೆ ಹನ್ನೆರಡು ಲಾಕು. ಕೊನೆಯವನು ಹೊರಗೆ ಬಂದು ತನ್ನ ಲಾಕ್ ತೆಗೆಯೋವರೆಗೆ ಯಾರೂ ಬ್ರೇಕರ್ ಮುಟ್ಟೋ ಹಾಗಿಲ್ಲ. ಸೂಪರ್‌ವೈಸರ್ ಹತ್ತಿರ ಮಾಸ್ಟರ್ ಕೀ ಇದ್ದರೆ ಈ ವ್ಯವಸ್ಥೆಗೆ ಅರ್ಥ ಇಲ್ಲ.

ಹಲವರ್ತಿ ಹುಡುಗ

ಕರೆಂಟ್ ಇಲ್ಲದೇ ಇದ್ರೂ ಕಿಲ್ನ್ ತಿರುಗ್ತೈತ್ರಿ, ಅದನ್ನೂ ಬರೀರಿ. ಅಕ್ರೀಶನ್ ಒಂದ ಕಡೆ ಒಡೆದ್ರ ಇನ್ನೊಂದು ಕಡೆ ಭಾರ ಜಾಸ್ತಿ ಆಗಿ ಶೆಲ್ ತಾನ ಹೊಳ್ಳತೈತಿ. ಗರ್ತ್ ಗೇರ್‌ಗೆ (ಶೆಲ್ ಸುತ್ತ ಇರೋ ಹಲ್ಲಿನ ಗಾಲಿ) ಮೆಕ್ಯಾನಿಕಲ್ ಸ್ಟಾಪರ್ ಹಾಕಬೇಕು. ಸುಮ್ಮ ಕಟ್ಟಿಗಿ ತುಂಡು ತುರುಕಿದ್ರ ನಡೆಯಂಗಿಲ್ಲ.

ತೋರಣಗಲ್ಲು ಶಿಫ್ಟ್

ತಮ್ಮ ಹೇಳಿದ್ದು ಸರಿ. ಇದರ ಜೊತೆ ಇನ್ನೊಂದು. ಒಂದು ಭಾಗ ಒಡೆದ ಮೇಲೆ ಕಿಲ್ನ್ ಸ್ವಲ್ಪ ತಿರುಗಿಸಬೇಕಾಗುತ್ತೆ. ಆಗ ಎಲ್ಲರೂ ಹೊರಗೆ ಬರಬೇಕು, ತಲೆ ಎಣಿಕೆ ಆಗಬೇಕು, ಲಾಕ್ ತೆಗೆದು, ತಿರುಗಿಸಿ, ಮತ್ತೆ ಎಲ್ಲ ಲಾಕ್ ಹಾಕಿ, ಮತ್ತೆ ಗ್ಯಾಸ್ ಟೆಸ್ಟ್. "ಐದು ನಿಮಿಷದ ಕೆಲಸ, ಒಳಗೇ ಒಂದು ಮೂಲೆಗೆ ನಿಂತ್ಕೊಳ್ಳಿ" ಅನ್ನೋ ಮಾತು ಯಾವ ಮೇಸ್ತ್ರಿ ಬಾಯಲ್ಲೂ ಬರಬಾರದು. ಪರ್ಮಿಟ್‌ನಲ್ಲಿ ಪ್ರತಿ ತಿರುಗಿಸುವಿಕೆಗೂ ಒಂದು ಪ್ರತ್ಯೇಕ ಸಾಲು, ಟೈಮು, ಸಹಿ ಇರಲಿ.

ಶಕ್ತಿನಗರ ಬಾಯ್ಲರ್

ಇಷ್ಟೆಲ್ಲ ಬರದ್ರೂ ಒಂದು ಮೂಲ ಪ್ರಶ್ನೆ ಉಳಿತದ: ತಣ್ಣಗಾಗ್ಲಿಕ್ಕೆ ಎಷ್ಟು ಟೈಮ್ ಕೊಡ್ತಾರ? ಕಿಲ್ನ್ ಖಾಲಿ ಮಾಡಿ, ನಿಧಾನ ತಿರುಗಿಸ್ಕೋತ ತಣ್ಣಗ ಮಾಡ್ಲಿಕ್ಕೆ ದಿನಗಟ್ಟಲೆ ಬೇಕಾಗ್ತದ. ಪ್ರೊಡಕ್ಷನ್ ಒತ್ತಡಕ್ಕ ಆ ದಿನಾನೇ ಮೊದಲು ಕತ್ತರಿಸ್ತಾರ.

ಉಂಚಾಹಾರ ನೆನಪು ಮಾಡ್ಕೋರಿ. 2017ರ ನವೆಂಬರ್ 1, ಉತ್ತರ ಪ್ರದೇಶದ ಆ ಥರ್ಮಲ್ ಸ್ಟೇಷನ್‌ದ 500 ಮೆಗಾವ್ಯಾಟ್‌ದ 6ನೇ ಯೂನಿಟ್. ಫರ್ನೇಸ್ ತಳದಾಗ ಬೂದಿ ಗಟ್ಟಿಯಾಗಿ ಕ್ಲಿಂಕರ್ ಕಟ್ಟಿತ್ತು. ಯೂನಿಟ್ ಪೂರಾ ನಿಲ್ಲಿಸಲಾರದೇ ಕೆಳಗ ಮಂದಿ ಹಚ್ಚಿ ಬೂದಿ ತೆಗಿಸ್ಲಿಕ್ಕತ್ತಿದ್ರು. ಬಿಸಿ ಗ್ಯಾಸು, ಬೂದಿ ಒಮ್ಮೆಗೇ ಹೊರಗ ಸಿಡಿದು ಮೂವತ್ತಕ್ಕಿಂತ ಹೆಚ್ಚು ಮಂದಿ ಹೋದ್ರು. ಅಲ್ಲಿ ಬೇಕಾಗಿದ್ದು ಯೂನಿಟ್ ಬಂದ್ ಮಾಡೋ ಒಂದು ನಿರ್ಧಾರ. ಯಾವ ಪಿಪಿಇ ಆ ಬಿಸಿ ತಡೀತಿತ್ತು?

ಅದಕ್ಕ ಪರ್ಮಿಟ್‌ದಾಗ ಟೈಮ್ ಬರೀಬ್ಯಾಡ್ರಿ, ಟೆಂಪರೇಚರ್ ಬರೀರಿ. "48 ತಾಸಿನ ಮ್ಯಾಲ" ಅಂತ ಬರದ್ರ ಅದನ್ನ 40, 36 ಅಂತ ಎಳೀತಾರ. ಒಳಗಿನ ಗಾಳಿ ಇಷ್ಟು ಡಿಗ್ರಿ, ಇಟ್ಟಿಗೆ ಮುಖ ಇಷ್ಟು ಡಿಗ್ರಿ, ಯಾರು ಅಳೆದ್ರು ಅನ್ನೋದು ಇರ್ಲಿ.

ಹಲವರ್ತಿ ಹುಡುಗ

ಮ್ಯಾಲೆ ಕರ‍್ರಗ ಕಾಣ್ತೈತಿ, ಒಳಗ ಕೆಂಪಗ ಇರ್ತೈತಿ. ಆಮ್ಯಾಗ ಲಗೂ ಆರ್ಲಿ ಅಂತ ನೀರು ಹೊಡಿಸ್ತಾರ.

ಕುಡತಿನಿ ಸೇಫ್ಟಿ

ಆ ನೀರು ಹೊಡೆಯುವುದನ್ನು ದಪ್ಪ ಅಕ್ಷರದಲ್ಲಿ ನಿಷೇಧಿಸಿ ಬರೆಯಿರಿ. ಎರಡು ಕಾರಣಗಳಿವೆ. ಗಟ್ಟಿ ಅಕ್ರೀಶನ್ ಸಂದಿನಲ್ಲಿ ನೀರು ಸಿಕ್ಕಿಕೊಂಡರೆ ಹಬೆಯಾಗಿ ಸಿಡಿಯುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು. ಕೆಂಡದಂಥ ಚಾರ್ (ಸುಟ್ಟುಳಿದ ಕಲ್ಲಿದ್ದಲು) ಮೇಲೆ ಹಬೆ ಹಾದರೆ ಕಾರ್ಬನ್ ಮತ್ತು ನೀರು ಸೇರಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಹುಟ್ಟುತ್ತವೆ. ಬೆಳಿಗ್ಗೆ ಎಂಟಕ್ಕೆ ಸೊನ್ನೆ ತೋರಿಸಿದ ಡಿಟೆಕ್ಟರ್ ಹತ್ತೂವರೆಗೆ ಕೂಗುವುದು ಹೀಗೆ. ಒಮ್ಮೆ ಟೆಸ್ಟ್ ಮಾಡಿ ದಿನವಿಡೀ ಸಹಿ ಹಾಕುವ ಪದ್ಧತಿ ಇಲ್ಲೇ ಕೊಲ್ಲುತ್ತದೆ.

ಗ್ಯಾಸ್ ಟೆಸ್ಟ್ ಕ್ರಮ: ಮೊದಲು ಆಮ್ಲಜನಕ, ನಂತರ ಹೊತ್ತಿಕೊಳ್ಳುವ ಗ್ಯಾಸ್, ಕೊನೆಗೆ ವಿಷ ಗ್ಯಾಸ್. ಆಮ್ಲಜನಕ 19.5 ಪ್ರತಿಶತಕ್ಕಿಂತ ಕಡಿಮೆ ಇರಬಾರದು, 23.5ಕ್ಕಿಂತ ಹೆಚ್ಚೂ ಇರಬಾರದು. ಹೊತ್ತುವ ಗ್ಯಾಸ್ ಎಲ್‌ಇಎಲ್‌ನ (ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣ) 10 ಪ್ರತಿಶತದೊಳಗೆ, ಗ್ಯಾಸ್ ಕಟಿಂಗ್ ಇದ್ದರೆ ಸೊನ್ನೆ. ಸಿಒ (ಕಾರ್ಬನ್ ಮಾನಾಕ್ಸೈಡ್) 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50) ಎಂಬುದು 2025ರವರೆಗಿದ್ದ ಫ್ಯಾಕ್ಟರೀಸ್ ಆ್ಯಕ್ಟ್‌ನ ಎರಡನೇ ಶೆಡ್ಯೂಲಿನ ಎಂಟು ತಾಸಿನ ಸರಾಸರಿ ಮಿತಿ. ಅಲಾರಂ ಅದಕ್ಕಿಂತ ಕೆಳಗೆ, 25 ಅಥವಾ 35ಕ್ಕೆ ಇಡಿ. ಬಾಗಿಲ ಬಳಿ ಹಿಡಿದರೆ ಸಾಲದು. ಕೋಲಿಗೆ ಕಟ್ಟಿ ಅಥವಾ ಸ್ಯಾಂಪಲ್ ಪೈಪ್ ಬಿಟ್ಟು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ನೋಡಬೇಕು. ಪೈಪ್ ಉದ್ದವಿದ್ದರೆ ಗಾಳಿ ಎಳೆದು ತರಲು ಹೊತ್ತು ಬೇಕು, ತಕ್ಷಣ ಓದಬೇಡಿ.

ತೋರಣಗಲ್ಲು ಶಿಫ್ಟ್

ಮೇಡಂ, ಕ್ರಮ ಯಾಕೆ ಹಾಗೆ ಅಂತಲೂ ಬರೀರಿ. ಇಲ್ಲಾಂದ್ರೆ ಯಾರೂ ಪಾಲಿಸಲ್ಲ.

ಕುಡತಿನಿ ಸೇಫ್ಟಿ

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಲ್‌ಇಎಲ್ ಸೆನ್ಸರ್ ಒಳಗೆ ಗ್ಯಾಸನ್ನು ಸುಟ್ಟು ಅಳೆಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಸುಡುವುದಿಲ್ಲ, ತಪ್ಪಾಗಿ ಕಡಿಮೆ ತೋರಿಸುತ್ತದೆ. ಅದಕ್ಕೇ ಆಮ್ಲಜನಕ ಮೊದಲು. ಸಿಒ ಸೆನ್ಸರ್ ಹೈಡ್ರೋಜನ್‌ಗೂ ಸ್ವಲ್ಪ ಸ್ಪಂದಿಸುತ್ತದೆ. ಕೆಲವರು ಅದನ್ನೇ ನೆಪ ಮಾಡಿ "ಅದು ಹೈಡ್ರೋಜನ್, ಸಿಒ ಅಲ್ಲ" ಎಂದು ಅಲಾರಂ ಆಫ್ ಮಾಡುತ್ತಾರೆ. ಯಾವುದೇ ಆಗಿರಲಿ, ಅಲಾರಂ ಬಂದರೆ ಹೊರಗೆ.

ಶಿಫ್ಟಿಗೆ ಮುಂಚೆ ಬಂಪ್ ಟೆಸ್ಟ್ ಆಗಬೇಕು: ಗೊತ್ತಿರುವ ಗ್ಯಾಸ್ ಊದಿ, ಕೂಗುತ್ತದೆಯೇ ನೋಡುವುದು. ಕ್ಯಾಲಿಬ್ರೇಷನ್ ಸ್ಟಿಕರ್ ಇದ್ದ ಮಾತ್ರಕ್ಕೆ ಇವತ್ತು ಕೆಲಸ ಮಾಡುತ್ತಿದೆ ಎಂದಲ್ಲ.

ಸಂಡೂರು ಮೈನ್ಸ್

ಮುಖಕ್ಕೆ ಟವೆಲ್ ಕಟ್ಕೊಂಡು ಇಳಿಯೋದನ್ನೂ ನಿಲ್ಸಿ. ಧೂಳಿನ ಮಾಸ್ಕ್ ಧೂಳು ತಡೀತೈತೆ, ಸಿಒ ಅದರೊಳಗಿಂದ ಆರಾಮ್ ಹೋಗ್ತೈತೆ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ತೈತೆ. ತಲೆನೋವು, ವಾಂತಿ ಬಂದಂಗೆ ಆಗೋದು ಮೊದಲ ಲಕ್ಷಣ. ಅದನ್ನ "ಬಿಸಿಲಿಗೆ ಆಗೈತೆ, ನೀರು ಕುಡಿ" ಅಂತ ಮೇಸ್ತ್ರಿಗಳು ತಳ್ಳಿಹಾಕ್ತಾರೆ. ಬಳ್ಳಾರಿ ಬಿಸಿಲಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಪ್ರತಿಯೊಬ್ಬರ ಕಾಲರ್‌ಗೆ ಪರ್ಸನಲ್ ಸಿಒ ಮಾನಿಟರ್ ಬೇಕು.

ರಾಯಚೂರು ಗ್ರೋತ್ ಸೆಂಟರ್

ಎಲ್ಲಾ ಸರಿ ಅದ, ಆದ್ರ ಕಾಗದದಾಗ ಬರೆದ್ರ ಆಗ್ತದೇನ್ರಿ? ಪರ್ಮಿಟ್ ಪುಸ್ತಕ ಎಲ್ಲಾ ಕಡೆ ಅದಾವ. ಮುಂಜಾನೆ ಆಫೀಸ್‌ದಾಗ ಕುಂತು ಇಪ್ಪತ್ತು ಪರ್ಮಿಟ್ ಒಮ್ಮೆಗೇ ಸಹಿ ಮಾಡ್ತಾರ.

ಕುಡತಿನಿ ಸೇಫ್ಟಿ

ಕಾಗದದಿಂದ ಆಗುವುದಿಲ್ಲ ಎನ್ನುವುದನ್ನು ಒಪ್ಪುವುದಿಲ್ಲ. ಕಾಗದ ಹೇಗೆ ಓಡಾಡುತ್ತದೆ ಎನ್ನುವುದು ಮುಖ್ಯ. ಪೈಪರ್ ಆಲ್ಫಾ ದುರಂತ ಪೂರ್ತಿ ಇದೇ ಪಾಠ. 1988ರ ಜುಲೈ 6, ಉತ್ತರ ಸಮುದ್ರದ ತೈಲ ವೇದಿಕೆ, 167 ಸಾವು. ಹಗಲು ಪಾಳಿಯವರು ಒಂದು ಕಂಡೆನ್ಸೇಟ್ (ದ್ರವರೂಪದ ಹೈಡ್ರೋಕಾರ್ಬನ್) ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್ ಹಚ್ಚಿದ್ದರು. ಅದು ಪೂರ್ತಿ ಬಿಗಿಯಾಗಿರಲಿಲ್ಲ. ಪಂಪಿನ ಕೆಲಸಕ್ಕೆ ಒಂದು ಪರ್ಮಿಟ್, ವಾಲ್ವಿಗೆ ಇನ್ನೊಂದು. ರಾತ್ರಿ ಎರಡನೇ ಪಂಪ್ ಟ್ರಿಪ್ ಆಯಿತು. ರಾತ್ರಿ ಪಾಳಿಯವರಿಗೆ ಸಿಕ್ಕಿದ್ದು ಮೊದಲಿನ ಪರ್ಮಿಟ್ ಮಾತ್ರ. ವಾಲ್ವ್ ಇಲ್ಲ ಎಂದು ತಿಳಿಯದೆ ಆ ಮೊದಲ ಪಂಪ್ ಚಾಲೂ ಮಾಡಿದರು, ಬಿಗಿಯಿಲ್ಲದ ಫ್ಲ್ಯಾಂಜಿನಿಂದ ಸೋರಿ ಸ್ಫೋಟವಾಯಿತು.

ಲಾರ್ಡ್ ಕಲನ್ ವಿಚಾರಣಾ ವರದಿ 1990ರಲ್ಲಿ 106 ಶಿಫಾರಸು ಮಾಡಿತು. ನಮಗೆ ಅದರಿಂದ ಬೇಕಾದ್ದು: ಒಂದೇ ಯಂತ್ರದ ಎಲ್ಲ ಪರ್ಮಿಟ್‌ಗಳು ಒಂದೇ ಬೋರ್ಡಿನಲ್ಲಿ ಒಟ್ಟಿಗೆ ಕಾಣಬೇಕು, ಒಂದರ ಮೇಲೆ ಇನ್ನೊಂದರ ನಂಬರ್ ಇರಬೇಕು, ಪಾಳಿ ಬದಲಾಗುವಾಗ ಇಬ್ಬರೂ ಯಂತ್ರದ ಹತ್ತಿರ ನಿಂತು ಹಸ್ತಾಂತರ ಮಾಡಬೇಕು. ಆಫೀಸಿನಲ್ಲಿ ಸಹಿ ಹಾಕುವ ರೂಢಿ ಮುರಿಯಲು ಒಂದು ಸರಳ ದಾರಿ ಇದೆ. ಗ್ಯಾಸ್ ರೀಡಿಂಗ್, ಬ್ಲೈಂಡ್ ನಂಬರ್, ಲಾಕ್ ನಂಬರ್ ಬರೆಯದೆ ಸಹಿಯ ಜಾಗವೇ ಬರದಂತೆ ಫಾರಂ ಮಾಡಿ. ಈ ಮೂರೂ ಸಿಗುವುದು ಕಿಲ್ನ್ ಬಾಯಲ್ಲೇ.

ರಾಯಚೂರು ಗ್ರೋತ್ ಸೆಂಟರ್

ಈಗ ತಿಳೀತ್ರಿ ಅಕ್ಕಾರ. ನಮ್ಮ ಕಡೆ ಪುಡಿ ಕೆಲಸ ಇರೋ ಯೂನಿಟ್ ಅದಾವ. ಪಾಶಮೈಲಾರಂ ಥರದ್ದಕ್ಕ ಪರ್ಮಿಟ್‌ಕಿಂತ ಸ್ವಚ್ಛತೆ ಮುಖ್ಯ ಅಂತಾರ, ಹೌದೇನ್ರಿ?

ಕುಡತಿನಿ ಸೇಫ್ಟಿ

ಎರಡೂ ಬೇಕು. ಹೊತ್ತುವ ಪುಡಿ, ಗಾಳಿ, ಕಿಡಿ, ಪುಡಿ ಗಾಳಿಯಲ್ಲಿ ಮೋಡವಾಗುವುದು, ಮುಚ್ಚಿದ ಜಾಗ: ಐದೂ ಸೇರಿದರೆ ಸ್ಫೋಟ. ಮೊದಲ ಸ್ಫೋಟ ಡ್ರೈಯರ್ ಅಥವಾ ಬ್ಯಾಗ್ ಫಿಲ್ಟರ್ ಒಳಗೆ ಸಣ್ಣದಾಗಿ ಆಗಬಹುದು. ಅದರ ಅಲೆ ತೊಲೆ, ಕೇಬಲ್ ಟ್ರೇ ಮೇಲೆ ಕೂತ ಪುಡಿಯನ್ನೆಲ್ಲ ಎಬ್ಬಿಸಿ ಎರಡನೆಯದನ್ನು ಹೊತ್ತಿಸುತ್ತದೆ, ಕಟ್ಟಡ ಬೀಳುವುದು ಹೆಚ್ಚಾಗಿ ಅದರಲ್ಲೇ. 0.8 ಮಿಲಿಮೀಟರ್ ದಪ್ಪದ ಪದರ ನೆಲದ ವಿಸ್ತೀರ್ಣದ 5 ಪ್ರತಿಶತ ಇದ್ದರೂ ಅಪಾಯ ಎಂದು ಅಮೆರಿಕದ ಅಗ್ನಿ ಮಾನದಂಡ ಎಣಿಸುತ್ತದೆ. ತೊಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಪುಡಿ ಇದ್ದರೆ ಅದೇ ಸೂಚನೆ. ಕಂಪ್ರೆಸ್ಡ್ ಏರ್‌ನಿಂದ ಊದಿ ಸ್ವಚ್ಛ ಮಾಡಬಾರದು, ಅದೇ ಮೋಡ ಎಬ್ಬಿಸುತ್ತದೆ. ವ್ಯಾಕ್ಯೂಮ್ ಬಳಸಬೇಕು, ಅದೂ ಅರ್ಥಿಂಗ್ ಇರುವ, ಕಿಡಿ ಬಾರದ ಮಾದರಿ.

ಗಂಗಾವತಿ ರೈಸ್ ಮಿಲ್

ಕಿಲ್ನ್ ಮಾತಿನ ನಡಕ ಬಾಯ್ಲರ್ ಒಂದು ಹೇಳ್ತೀನಿ. ಕುದಿಸಿದ ಅಕ್ಕಿ ಮಾಡೋ ಮಿಲ್‌ಗಳಾಗ ಹೊಟ್ಟು ಉರಿಸೋ ಬಾಯ್ಲರ್ ಅದಾವ. ಗೇಜ್ ಗ್ಲಾಸ್‌ನಾಗ ನೀರ ಕಾಣವಲ್ದು ಅಂದ್ರ ಗಾಬರಿಗೆ ಬಿದ್ದು ಫೀಡ್ ಪಂಪ್ ಚಾಲೂ ಮಾಡ್ತಾರ. ಮಾಡಲೇಬಾರದು. ಟ್ಯೂಬ್ ಕೆಂಪಗ ಕಾದಿದ್ರ ತಣ್ಣನ ನೀರು ಬಿದ್ದು ಒಡಿತೈತಿ. ಹೊಟ್ಟು ಹಾಕೋದು ನಿಲ್ಲಿಸಿ, ಫ್ಯಾನ್ ಬಂದ್ ಮಾಡಿ, ಉರಿ ಇಳಿಸಿ, ಮಂದಿನ್ನ ದೂರ ಕಳಿಸಿ, ತಾನ ತಣ್ಣಗಾಗಾಕ ಬಿಡಬೇಕು. ಗೇಜ್ ಗ್ಲಾಸ್ ಬ್ಲೋಡೌನ್ ಪ್ರತಿ ಪಾಳಿಗೂ ಆಗಬೇಕು, ಇಲ್ಲಾಂದ್ರ ಕೊಳಿ ಕಟ್ಟಿ ಸುಳ್ಳು ಲೆವೆಲ್ ತೋರಿಸ್ತೈತಿ. 1923ರ ಬಾಯ್ಲರ್ ಕಾಯ್ದೆ ಹೋಗಿ 2025ರದ್ದು ಬಂದೈತಿ, ಆದ್ರ ಸರ್ಟಿಫಿಕೇಟ್ ಇಲ್ಲದ ಬಾಯ್ಲರ್ ನಡಸಂಗಿಲ್ಲ ಅನ್ನೋದು ಆಗೂ ಐತಿ, ಈಗೂ ಐತಿ.

ಅಲ್ಲಾನಗರ ರೈತ

ಒಳಗಿನ ಸುರಕ್ಷತೆ ಮಾತಾಡ್ತೀರಿ, ರಾತ್ರಿ ಹೊಗಿ ಬಿಡೋದು ಯಾರ ಕೇಳಬೇಕು? ಹತ್ತಿ, ಮೆಕ್ಕೆಜೋಳದ ಮ್ಯಾಲೆ ಕರಿ ಬೂದಿ ಕುಂದರ್ತೈತಿ.

ಗಿಣಿಗೇರಿ ಫಿಟ್ಟರ್

ಕಾಕಾ, ಅದು ಬ್ಯಾರೆ ಅಲ್ಲ, ಇದಕ್ಕ ಕೂಡತೈತಿ. ಹೊಗಿಯಾಗಿನ ಧೂಳು ಹಿಡಿಯೋ ಇಎಸ್‌ಪಿ ಬಂದ್ ಇದ್ದಾಗ ಅಥವಾ ಎಮರ್ಜೆನ್ಸಿ ಚಿಮಣಿ ಕ್ಯಾಪ್ ತೆಗೆದಾಗ ಹೊಗಿ ಸೀದಾ ಮ್ಯಾಲೆ ಹೋಗ್ತೈತಿ. ಕ್ಯಾಪ್ ಎಷ್ಟು ಗಂಟೆಗೆ ತೆಗೆದ್ರು, ಯಾಕ ತೆಗೆದ್ರು ಅಂತ ಲಾಗ್ ಇಡಬೇಕು. ಆ ಲಾಗ್ ಊರಿಗೂ ಬೇಕು, ಒಳಗಿನೋರಿಗೂ ಬೇಕು. ಪದೇ ಪದೇ ಕ್ಯಾಪ್ ತೆಗಿತಾರ ಅಂದ್ರ ಡ್ರಾಫ್ಟ್ (ಗ್ಯಾಸ್ ಎಳೆಯೋ ಸೆಳೆತ) ಕೆಟ್ಟೈತಿ ಅಂತ ಅರ್ಥ. ಹೊಗಿ ಬಗ್ಗೆ ಪೂರ್ತಿ ಬರಿಯಾಕ ಬ್ಯಾರೆ ಎಳಿ ತೆಗೀರಿ, ಅಲ್ಲಿ ನಾವೂ ಬರ್ತೀವಿ.

ಸಿಂಧನೂರು ಯೂನಿಯನ್

ಯಾರೂ ಕಾನೂನು ಎತ್ತಲಿಲ್ಲ. ಭೋಪಾಲ್ ಆದಮೇಲೆ, 1987ರಲ್ಲಿ ಫ್ಯಾಕ್ಟರೀಸ್ ಆ್ಯಕ್ಟ್‌ಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ ಸೇರಿತು. 41ಬಿ: ಯಾವ ವಸ್ತು, ಏನು ಅಪಾಯ ಅಂತ ಕಾರ್ಮಿಕರಿಗೆ ತಿಳಿಸಲೇಬೇಕಿತ್ತು. 41ಜಿ: ಕಾರ್ಮಿಕರು, ಆಡಳಿತ ಸಮಸಂಖ್ಯೆಯಲ್ಲಿರುವ ಸೇಫ್ಟಿ ಕಮಿಟಿ. 41ಎಚ್: ಸನ್ನಿಹಿತ ಅಪಾಯ ಕಂಡರೆ ಎಚ್ಚರಿಸುವ ಹಕ್ಕು. 36ನೇ ಸೆಕ್ಷನ್‌ನಲ್ಲಿ ವಿಷಗಾಳಿಯ ಜಾಗಕ್ಕೆ ಇಳಿಯಲು ಲಿಖಿತ ಸರ್ಟಿಫಿಕೇಟ್, ಇಲ್ಲದಿದ್ದರೆ ಉಸಿರಾಟದ ಉಪಕರಣ, ಬೆಲ್ಟು, ಹಗ್ಗ. ಹಗ್ಗದ ತುದಿ ಹೊರಗಿರುವವನ ಕೈಯಲ್ಲಿ. 36ಎ ಪ್ರಕಾರ ಅಂಥ ಜಾಗಕ್ಕೆ 24 ವೋಲ್ಟ್ ಮೀರಿದ ಹ್ಯಾಂಡ್ ಲ್ಯಾಂಪ್ ಒಯ್ಯುವಂತಿರಲಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಈಗ ಇಂಥ ಹಲವು ವಿವರಗಳು ಕಾಯ್ದೆಯಿಂದ ನಿಯಮ, ಮಾನದಂಡಗಳಿಗೆ ಜಾರಿವೆ. ವಿದ್ಯುತ್ ಬಳಸುವ ಕಾರ್ಖಾನೆಯ ವ್ಯಾಖ್ಯೆ 10 ಜನರಿಂದ 20ಕ್ಕೆ ಏರಿತು. ಗುತ್ತಿಗೆ ಕಾರ್ಮಿಕರ ಮಿತಿ 20ರಿಂದ 50ಕ್ಕೆ. ಸಣ್ಣ ಗುತ್ತಿಗೆದಾರನ ಹುಡುಗರೇ ಕಿಲ್ನ್ ಒಳಗೆ ಇಳಿಯೋರು, ಅವರೇ ಲೆಕ್ಕದಿಂದ ಹೊರಗೆ ಬಿದ್ದರು.

ಬಳ್ಳಾರಿ ಕಾಂಪ್ಲೈಯನ್ಸ್

ಪೂರ್ತಿ ಚಿತ್ರ ಹೇಳಿ ಸರ್. ಸೇಫ್ಟಿ ಆಫೀಸರ್ ಹಿಂದೆ 1,000 ಕಾರ್ಮಿಕರಿದ್ದರೆ ಕಡ್ಡಾಯ ಇತ್ತು. ಸಂಹಿತೆಯಲ್ಲಿ 500, ಅಪಾಯಕಾರಿ ಪ್ರಕ್ರಿಯೆಗೆ 250. ಕರ್ತವ್ಯ ಮೀರಿ ಸಾವಾದರೆ ಎರಡು ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಕನಿಷ್ಠ ಅರ್ಧ ಸಂತ್ರಸ್ತರ ಕುಟುಂಬಕ್ಕೆ ಕೊಡಿ ಅಂತ ಕೋರ್ಟ್ ಹೇಳಬಹುದು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೂ ಇದೆ. ಎಲ್ಲ ಹೋಯಿತು ಅನ್ನೋದು ತಪ್ಪು.

ಸಿಂಧನೂರು ಯೂನಿಯನ್

ಎಲ್ಲ ಹೋಯಿತು ಅಂದಿಲ್ಲ. 41ಬಿ, 41ಸಿ, 41ಎಚ್ ಮುರಿದರೆ ಹಿಂದಿನ 96ಎ ಪ್ರಕಾರ ಏಳು ವರ್ಷದವರೆಗೆ ಜೈಲು ಇತ್ತು, ಅದನ್ನೂ ಹೇಳಬೇಕಲ್ಲ? ಮುಖ್ಯ ಕೊರತೆ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಎರಡೂ ಕಾರ್ಮಿಕನಿಗೆ "ಹೇಳುವ" ಹಕ್ಕು ಕೊಡುತ್ತವೆ. ಹೊಸ ಸಂಹಿತೆಯ 14ನೇ ಸೆಕ್ಷನ್ ಪ್ರಕಾರ ಮಾಲೀಕನಿಗೂ ಇನ್‌ಸ್ಪೆಕ್ಟರ್‌ಗೂ ಏಕಕಾಲಕ್ಕೆ ತಿಳಿಸಬಹುದು. "ನಾನು ಇಳಿಯಲ್ಲ" ಅಂದರೆ ಅವನ ಅಂದಿನ ಕೂಲಿ, ನಾಳೆಯ ಗೇಟ್ ಪಾಸ್ ಏನಾಗುತ್ತೆ ಅನ್ನೋದಕ್ಕೆ ಅಲ್ಲಿ ನೇರ ಉತ್ತರ ಇಲ್ಲ. ಫಿಟ್ಟರ್ ಅಣ್ಣ, ಕಮಿಟಿಯಲ್ಲಿ ಇದನ್ನೇ ಪಟ್ಟು ಹಿಡಿಯಿರಿ: ಕೆಲಸ ನಿಲ್ಲಿಸಿದವನಿಗೆ ಆ ದಿನದ ಪೂರ್ತಿ ಕೂಲಿ, ಗುತ್ತಿಗೆ ಕರಾರಿನಲ್ಲೇ ಬರೆದಿರಬೇಕು. ಬರೀ ಕಾರ್ಖಾನೆ ಗೋಡೆಯ ಮೇಲೆ ಬರೆದರೆ ಗುತ್ತಿಗೆದಾರನನ್ನು ಕಟ್ಟಿಹಾಕಲ್ಲ.

ಬಳ್ಳಾರಿ ಕಾಂಪ್ಲೈಯನ್ಸ್

ಇದಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಸೇರಿಸಿ: ಅಕ್ರೀಶನ್ ಕೆಲಸವನ್ನು ಟನ್ ಲೆಕ್ಕಕ್ಕೆ ಅಥವಾ "ಇಷ್ಟು ದಿನದಲ್ಲಿ ಮುಗಿಸಿದರೆ ಇಷ್ಟು" ಅಂತ ಒಟ್ಟು ಗುತ್ತಿಗೆಗೆ ಕೊಡಬಾರದು. ದರ ಹಾಗಿದ್ದರೆ ಯಾವ ಮೇಸ್ತ್ರಿಯೂ ಗ್ಯಾಸ್ ಟೆಸ್ಟ್‌ಗೆ ಕಾಯಲ್ಲ. ದಿನಗೂಲಿ ಲೆಕ್ಕಕ್ಕೆ ಕೊಡಿ.

ಹಲವರ್ತಿ ಹುಡುಗ

ಸತ್ರ ಎಷ್ಟು ಕೊಡ್ತಾರ್ರಿ? ಗೇಟಿನಾಗ ಮಾತುಕತಿ ಮಾಡಿ ಹೆಣ ಕಳಿಸ್ತಾರ.

ಸಿಂಧನೂರು ಯೂನಿಯನ್

ತಮ್ಮಾ, ಗೇಟಿನ ಮಾತುಕತೆ ಕಾನೂನಿನ ಲೆಕ್ಕ ಅಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಅವಲಂಬಿತರಿಗೆ ಸರಾಸರಿ ಕೂಲಿಯ 90 ಪ್ರತಿಶತ ಪ್ರತಿ ತಿಂಗಳು ಪಿಂಚಣಿಯಂತೆ ಬರುತ್ತೆ. ಇಎಸ್‌ಐ ಇಲ್ಲದಿದ್ದರೆ 1923ರ ಪರಿಹಾರ ಕಾಯ್ದೆಯ ಸೂತ್ರ, ಅದೇ ಹೊಸ ಸಂಹಿತೆಗೂ ಬಂದಿದೆ: ತಿಂಗಳ ಕೂಲಿಯ ಅರ್ಧ, ಗುಣಿಸು ವಯಸ್ಸಿನ ಅಂಶ. ಮೂವತ್ತು ವರ್ಷದವನಿಗೆ ಆ ಅಂಶ 207.98. ಕೂಲಿ 15,000 ಹಿಡಿದರೆ 7,500 × 207.98 = 15,59,850 ರೂಪಾಯಿ. ಒಂದು ತಿಂಗಳಲ್ಲಿ ಕಟ್ಟದಿದ್ದರೆ ವರ್ಷಕ್ಕೆ 12 ಪ್ರತಿಶತ ಬಡ್ಡಿ, ಸಕಾರಣ ಇಲ್ಲದಿದ್ದರೆ 50 ಪ್ರತಿಶತದವರೆಗೆ ದಂಡ. ಗುತ್ತಿಗೆದಾರ ಓಡಿಹೋದರೂ ಮೂಲ ಮಾಲೀಕನೇ ಕೊಡಬೇಕು. ಗೇಟಿನಲ್ಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೂ ಈ ಹಕ್ಕು ಹೋಗಲ್ಲ.

ಸಂಡೂರು ಮೈನ್ಸ್

ಮೈನ್ಸ್‌ನೋರಿಗೆ ಡಿಜಿಎಂಎಸ್ (ಗಣಿ ಸುರಕ್ಷತಾ ಮಹಾನಿರ್ದೇಶನಾಲಯ), ಕೇಂದ್ರದ್ದು. ಕಿಲ್ನ್‌ಗೆ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆ. ದೂರು ಬರೆಯೋವಾಗ ಇದು ನೋಡ್ಕೊಂಡು ಬರೀರಿ, ತಪ್ಪು ಟೇಬಲ್‌ಗೆ ಹೋದ್ರೆ ಅಲ್ಲೇ ಕೊಳೀತೈತೆ.

ಗಿಣಿಗೇರಿ ಫಿಟ್ಟರ್

ರೆಸ್ಕ್ಯೂ ಬಗ್ಗೆ ಯಾರೂ ಬರೀಲಿಲ್ಲ. ಒಳಗ ಒಬ್ಬ ಬಿದ್ರ ಉಳಿದೋರು ಓಡಿ ಹೋಗಿ ಎತ್ತಾಕ ನೋಡ್ತಾರ.

ತೋರಣಗಲ್ಲು ಶಿಫ್ಟ್

ಅಲ್ಲೇ ಸಾವು ಒಂದರಿಂದ ನಾಲ್ಕಾಗೋದು. ಇಕ್ಕಟ್ಟಿನ ಜಾಗದಲ್ಲಿ ಸತ್ತವರಲ್ಲಿ 60 ಪ್ರತಿಶತಕ್ಕೂ ಹೆಚ್ಚು ಜನ ಕಾಪಾಡೋಕೆ ಹೋದವರೇ ಅಂತ ಅಮೆರಿಕದ ಕಾರ್ಮಿಕ ಸುರಕ್ಷತೆಯ ನಯೋಷ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು.

ಭಿಲಾಯಿ ಉಕ್ಕು ಕಾರ್ಖಾನೆ, 2014ರ ಜೂನ್ 12. ಬ್ಲಾಸ್ಟ್ ಫರ್ನೇಸ್ ಗ್ಯಾಸ್ ತೊಳೆಯೋ ಘಟಕಕ್ಕೆ ನೀರು ಕೊಡೋ ಪಂಪ್ ಹೌಸ್ ಕೆಟ್ಟು ನೀರಿನ ಪ್ರೆಷರ್ ಇಳಿದಾಗ, ಗ್ಯಾಸ್ ನೀರಿನ ಲೈನಲ್ಲೇ ಹಿಂದಕ್ಕೆ ಬಂತು. ಆರು ಜನ ಹೋದರು, ಅವರಲ್ಲಿ ಹಿರಿಯ ಅಧಿಕಾರಿಗಳೂ ಇದ್ದರು. ಆ ಗ್ಯಾಸಲ್ಲಿ ಸಿಒ ಇಪ್ಪತ್ತು ಪ್ರತಿಶತಕ್ಕೂ ಮೇಲೆ ಇರುತ್ತೆ. ಒಂದೂಕಾಲು ಪ್ರತಿಶತಕ್ಕೇ ಎರಡು-ಮೂರು ಉಸಿರಲ್ಲಿ ಪ್ರಜ್ಞೆ ತಪ್ಪುತ್ತೆ. ನೀರಿನ ಲೈನಲ್ಲಿ ಗ್ಯಾಸ್ ಬರುತ್ತೆ ಅಂತ ಪಂಪ್ ಹೌಸ್‌ನಲ್ಲಿ ಯಾರು ಊಹಿಸ್ತಾರೆ? ಅದಕ್ಕೇ ಗ್ಯಾಸ್ ಲೈನಿಗೆ ಸೇರಿದ ಪ್ರತಿ ನೀರಿನ, ಸ್ಟೀಮ್‌ನ, ನೈಟ್ರೋಜನ್‌ನ ಪೈಪನ್ನೂ ಗ್ಯಾಸ್ ದಾರಿ ಅಂತಲೇ ಎಣಿಸಬೇಕು. ವಾಟರ್ ಸೀಲ್ (ನಿಂತ ನೀರಿಂದ ಗ್ಯಾಸ್ ತಡೆಯೋದು) ಇದ್ದರೆ ಅದರ ಎತ್ತರ ಲೈನಿನ ಗರಿಷ್ಠ ಪ್ರೆಷರ್‌ಗಿಂತ 500 ಮಿಲಿಮೀಟರ್ ನೀರಿನಷ್ಟಾದರೂ ಜಾಸ್ತಿ ಇರಲಿ, ಓವರ್‌ಫ್ಲೋ ಸುರಿಯೋದು ಕಣ್ಣಿಗೆ ಕಾಣಲಿ. ಸೀಲ್ ಒಂದನ್ನೇ ನಂಬಿ ಜನರನ್ನು ಇಳಿಸಬೇಡಿ.

ರೆಸ್ಕ್ಯೂಗೆ: ಬಾಯಲ್ಲಿ ಒಬ್ಬ ಅಟೆಂಡೆಂಟ್, ಅವನಿಗೆ ಬೇರೆ ಕೆಲಸ ಕೊಡಬಾರದು, ಅವನು ಯಾವ ಕಾರಣಕ್ಕೂ ಒಳಗೆ ಹೋಗಬಾರದು. ಎರಡು ಬ್ರೀದಿಂಗ್ ಸೆಟ್ ಅಲ್ಲೇ, ಸ್ಟೋರ್‌ನಲ್ಲಿ ಅಲ್ಲ. 6 ಲೀಟರ್ ಸಿಲಿಂಡರ್ 300 ಬಾರ್‌ಗೆ ತುಂಬಿದ್ದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಹಿಡಿದರೆ 45 ನಿಮಿಷ ಅಂತ ಪುಸ್ತಕ ಹೇಳುತ್ತೆ. ಮನುಷ್ಯನನ್ನು ಎಳೆದುಕೊಂಡು ಬರೋವಾಗ ಅರ್ಧ ತಾಸೂ ಬರಲ್ಲ. ಸುಮಾರು 55 ಬಾರ್‌ಗೆ ಸೀಟಿ ಹೊಡೆಯುತ್ತೆ, ಆಗ ಹೊರಡೋದಲ್ಲ, ಆಗ ಹೊರಗೆ ಇರಬೇಕು.

ಕುಡತಿನಿ ಎಲೆಕ್ಟ್ರಿಷಿಯನ್

ಊಟಕ್ಕೆ ಹೊರಗೆ ಬರೋವಾಗ ಕಟಿಂಗ್ ಸೆಟ್ಟಿನ ಪೈಪ್‌ಗಳನ್ನೂ ಹೊರಗೆ ತರಬೇಕು. ಟಾರ್ಚಿನ ವಾಲ್ವ್ ಸೋರಿದರೆ ಒಂದು ತಾಸಲ್ಲಿ ಒಳಗೆ ಎಲ್‌ಪಿಜಿ ಅಥವಾ ಆಕ್ಸಿಜನ್ ತುಂಬಿರುತ್ತೆ. ಗಾಳಿ ಬಿಸಿ ಅಂತ ಆಕ್ಸಿಜನ್ ಬಿಟ್ಟು ತಂಪು ಮಾಡ್ಕೊಳ್ಳೋದು ಇನ್ನೂ ದೊಡ್ಡ ಅಪಾಯ, ಎಣ್ಣೆ ಹತ್ತಿದ ಬಟ್ಟೆ ಒಂದು ಕಿಡಿಗೆ ಭಗ್ ಅನ್ನುತ್ತೆ.

ಶಕ್ತಿನಗರ ಬಾಯ್ಲರ್

ಪರ್ಮಿಟ್ ಯಾವ ಭಾಷೆದಾಗ ಇರ್ತದ? ಇಳಿಯೋರು ಬಿಹಾರ, ಒಡಿಶಾ, ಜಾರ್ಖಂಡ್‌ದವರು, ಜೊತಿಗೆ ನಮ್ಮ ದೇವದುರ್ಗ, ಕುಷ್ಟಗಿ ಕಡೆಯವ್ರು. ಫಾರಂ ಇಂಗ್ಲಿಷ್‌ದಾಗ. ಕನ್ನಡ, ಹಿಂದಿ ಎರಡರಾಗೂ ಮಾಡಿಸ್ರಿ. ಓದ್ಲಿಕ್ಕೆ ಬರಲಾರದವ್ರಿಗೆ ಕಿಲ್ನ್ ಬಾಯಾಗ ನಿಂತು ಹೇಳಬೇಕು, ಹೇಳಿದ್ದನ್ನ ಅವ್ರ ಬಾಯಿಂದ ತಿರುಗಿ ಹೇಳಿಸ್ಬೇಕು.

ಗಿಣಿಗೇರಿ ಫಿಟ್ಟರ್

ಎಲ್ಲಾರಿಗೂ ಶರಣು. ಕರಡು ಬರಿಯಾಕ ಹತ್ತೀನಿ. ಐಸೊಲೇಷನ್ ಮೊದಲ, ಡಿಜಿ ಲಾಕ್, ಸ್ಟಾಪರ್, ಟೆಂಪರೇಚರ್, ನೀರು ನಿಷೇಧ, ಪ್ರತಿ ತಿರುಗಿಸಿದಾಗ ಮರು ಟೆಸ್ಟ್, ನಿಲ್ಲಿಸಿದವಗ ಪೂರ್ತಿ ಕೂಲಿ. ಒಂದು ಸಂಶಯ ಉಳೀತು: ಡಕ್ಟ್ ಫ್ಲ್ಯಾಂಜ್ ಬಿಸಿಗೆ ಕಚ್ಚಿಕೊಂಡು ಬೋಲ್ಟ್ ಬರಂಗಿಲ್ಲ, ಬ್ಲೈಂಡ್ ಹಾಕಾಕ ಆಗಂಗಿಲ್ಲ ಅಂತ ಮೇಂಟೆನೆನ್ಸ್‌ನೋರು ಹೇಳ್ತಾರ. ಅದಕ್ಕೇನು ಹೇಳ್ಲಿ?

ತೋರಣಗಲ್ಲು ಶಿಫ್ಟ್

ಬೋಲ್ಟ್ ಕಟ್ ಮಾಡಿ ಹೊಸದು ಹಾಕಲಿ, ಆದರೆ ಕಟಿಂಗ್ ಮುಂಚೆ ಡಕ್ಟ್ ಗ್ಯಾಸ್‌ಮುಕ್ತ ಅಂತ ಟೆಸ್ಟ್ ಆಗಿರಬೇಕು, ಪಕ್ಕದ ಕಿಲ್ನ್ ಆಗ ಓಡ್ತಾ ಇರಬಾರದು. ಬ್ಲೈಂಡ್ ಬೀಳೋವರೆಗೆ ಎರಡೂ ಕಿಲ್ನ್ ನಿಲ್ಲಿಸಿ ಅಂತ ಬರೀರಿ. ಮುಂದಿನ ಶಟ್‌ಡೌನ್‌ಗೆ ಅಲ್ಲಿ ದಾರಿ ಪೂರ್ತಿ ಮುಚ್ಚೋ ಗಾಗಲ್ ವಾಲ್ವ್ ಅಥವಾ ಸ್ಲೈಡಿಂಗ್ ಪ್ಲೇಟ್ ಕೂರಿಸೋ ಖರ್ಚನ್ನ ಈಗಲೇ ಬಜೆಟ್‌ಗೆ ಹಾಕಿಸಿ, ಮಿನಿಟ್ಸ್‌ನಲ್ಲಿ ತಾರೀಕು ಬರೆಸಿ.

ಕುಡತಿನಿ ಸೇಫ್ಟಿ

ಕರಡು ಸಿದ್ಧವಾದ ಮೇಲೆ ಇಲ್ಲೇ ಹಾಕಿ. ಹಿಂದಿ ಅನುವಾದ ನಾನು ಮಾಡಿಕೊಡುತ್ತೇನೆ, ಗ್ಯಾಸ್ ರೀಡಿಂಗ್ ಕಾಲಂಗಳನ್ನೂ ನೋಡಿ ಸರಿಪಡಿಸುತ್ತೇನೆ.